ಎಮ್ಮೆಗೆ ಹೇಳಿದ ಸುವಾರ್ತೆ

ನಮ್ಮ ಚಿಕ್ಕಪ್ಪ ಲೋಕದ ಕಟ್ಟಕಡೆಯವರೆಗೂ ಸುವಾರ್ತೆ ಸಾರಲು ಹೊರಟವನು. ಹೊರಟವನು ಅವರ್ಸಾದ ನಮ್ಮ ಮನೆಯ ಕೊಟ್ಟಿಗೆಯನ್ನೇ ದಾಟಲಿಲ್ಲ! ಅವನ ಸಭೆಯಲ್ಲಿ ಇದ್ದವರೆಂದರೆ ಒಂದು ಎಮ್ಮೆ, ಅದರ ಕರು, ಒಂದು ಹುಂಜ, ಬೇಲಿಯ ಮೇಲೆ ಬಂದು ಕೂರುವ ಕಾಗೆಗಳು. ಎಮ್ಮೆ ಮಾತ್ರ ಖಾಯಂ ಸದಸ್ಯೆ. ಉಳಿದವರು ತಿನ್ನಲು ಏನಾದರೂ ಇದ್ದರಷ್ಟೇ ಬರುವವರು. ಅಂಥವರು ಯಾವ ಧರ್ಮದಲ್ಲಿಲ್ಲ ಹೇಳಿ?

ಅವನು ಹುಟ್ಟಿನಿಂದ ಕ್ರೈಸ್ತನಲ್ಲ. ನಮ್ಮದು ಗದ್ದೆ, ತೆಂಗು, ಒಂದಿಷ್ಟು ಶೇಂಗಾ ಬೆಳೆದುಕೊಂಡು ತಲೆತಲಾಂತರದಿಂದ ತುಳಸಿಕಟ್ಟೆಗೆ ನೀರು ಹಾಕುತ್ತ ಬಂದ ಮನೆ. ಚಿಕ್ಕಪ್ಪ ಮಲ್ಲಾಪುರದ ನೌಕರರ ಕಾಲನಿಯಲ್ಲಿ ಗುತ್ತಿಗೆದಾರನ ಕೆಳಗೆ ಗಿಡಗಳಿಗೆ ನೀರು ಬಿಡುವ ಕೆಲಸದಲ್ಲಿದ್ದ. ಅಲ್ಲಿಯ ಒಬ್ಬ ಹಿರಿಯ ನೌಕರರು ಒಂದು ಭಾನುವಾರ ತಮ್ಮ ಕ್ವಾರ್ಟರ್ಸಿಗೆ ಪ್ರಾರ್ಥನೆಗೆ ಕರೆದರಂತೆ. ಚಾ ಮತ್ತು ಬಿಸ್ಕೀಟು ಸಿಗುತ್ತದೆ ಎಂದು ಹೋದೆ ಎಂದು ಅವನೇ ನನ್ನ ಹತ್ತಿರ ಹೇಳಿದ್ದಾನೆ. ಬಿಸ್ಕೀಟಿಗೆ ಹೋದವನು ಯೇಸುಸ್ವಾಮಿಯನ್ನು ಕರೆದುಕೊಂಡು ಊರಿಗೆ ಬಂದ.

ಅಪ್ಪನಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟು ದೇವರ ಕುರಿತಾದದ್ದಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಣ್ಣನನ್ನು ಕೇಳದೆ ಒಂದು ಅಂಗಿಯನ್ನೂ ಹೊಲಿಸಿದವನಲ್ಲ ಚಿಕ್ಕಪ್ಪ. ಮದುವೆ ಬೇಡ ಎಂದಾಗಲೂ ಅಣ್ಣನನ್ನು ಕೇಳಿಯೇ ಬೇಡ ಎಂದವನು! ಅಂಥವನು ಇಷ್ಟು ದೊಡ್ಡ ಸಂಗತಿಯನ್ನು ಒಂದು ಮಾತು ಕೇಳದೆ ಮಾಡಿಬಿಟ್ಟನಲ್ಲ ಎಂಬ ನೋವು ಅಪ್ಪನದು. ನೋವನ್ನು ನೋವು ಎಂದು ಹೇಳುವ ರೂಢಿ ನಮ್ಮ ಮನೆಯ ಗಂಡಸರಿಗೆ ಇಲ್ಲ. ಹಾಗಾಗಿ ಅಪ್ಪ ಜಗಲಿಯ ಮೇಲೆ ನಿಂತು ಕರಾರು ಹಾಕಿದ. ಈ ಮನೆ ನಿನ್ನದೂ ಹೌದು, ಇರು, ಉಣ್ಣು, ಆದರೆ ಆ ಸುದ್ದಿಯನ್ನು ಮನುಷ್ಯರ ಹತ್ತಿರ ತೆಗೆಯಕೂಡದು ಎಂದ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿಯರಿದ್ದಾರೆ, ಊರು ಬಾಯಿಗೆ ಬಂದಂತೆ ಮಾತಾಡುತ್ತದೆ ಎಂದೂ ಸೇರಿಸಿದ. ಆ ಹುಡುಗಿಯರಲ್ಲಿ ನಾನೂ ಒಬ್ಬಳು. ನನ್ನ ಮದುವೆ ಇನ್ನೂ ಆಗಿಲ್ಲ. ಅದಕ್ಕೆ ಚಿಕ್ಕಪ್ಪ ಕಾರಣನಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಚಿಕ್ಕಪ್ಪ ಆಗಲಿ ಎಂದ. ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಮಾತು ಕೇಳಿಸಿತು. ಹೋಗಿ ನೋಡಿದರೆ ಹಾಲು ಕರೆಯುತ್ತ ಎಮ್ಮೆಗೆ ಕತೆ ಹೇಳುತ್ತಿದ್ದಾನೆ! ಇದೇನು ಚಿಕ್ಕಪ್ಪ ಎಂದು ಕೇಳಿದೆ.

"ಲೋಕಕ್ಕೆಲ್ಲ ಹೋಗಿ ಸೃಷ್ಟಿಗೆಲ್ಲ ಹೇಳಿ ಅಂತ ಅಪ್ಪಣೆ ಆಗ್ಯದೆ, ತಂಗೀ. ಅಣ್ಣ ಮನುಷ್ಯರಿಗೆ ಹೇಳ್ಬೇಡ ಅಂದ. ಎಮ್ಮೆಗೆ ಹೇಳ್ಬೇಡ ಅಂದನಾ?" ಎಂದ.

ಇಂಥ ವಾದಕ್ಕೆ ಕಾರವಾರದ ಕೋರ್ಟಿನಲ್ಲೂ ಉತ್ತರ ಸಿಗಲಿಕ್ಕಿಲ್ಲ.

ಅಂದಿನಿಂದ ನಮ್ಮ ಹಿತ್ತಿಲಿನಲ್ಲಿ ಧರ್ಮಪ್ರಚಾರ ಜೋರಾಗಿ ನಡೆಯಿತು. ತೆಂಗಿನ ಮರಕ್ಕೆ ಗೊಬ್ಬರ ಹಾಕುವಾಗ ಒಂದು ಕತೆ, ಕಾಗೆಗೆ ಅನ್ನ ಹಾಕುವಾಗ ಒಂದು ಕತೆ. ಹಿಂದೊಮ್ಮೆ ಒಂದು ಹುಂಜ ಕೂಗಿ ಒಬ್ಬ ಮನುಷ್ಯನಿಗೆ ಅವನು ತಪ್ಪಿದ ಮಾತನ್ನು ನೆನಪಿಸಿತ್ತು ಎಂಬ ಕತೆಯನ್ನು ನಮ್ಮ ಹುಂಜಕ್ಕೆ ಹೇಳಿದ ಮೇಲೆ, ಅದಕ್ಕೆ ತನ್ನ ಜಾತಿಯ ಬಗ್ಗೆ ಎಲ್ಲಿಲ್ಲದ ಹೆಮ್ಮೆ ಬಂದು ಹೊತ್ತುಗೊತ್ತಿಲ್ಲದೆ ಕೂಗತೊಡಗಿತು. ಅಮ್ಮ ಅದನ್ನು ಒಂದು ಆದಿತ್ಯವಾರ ಸಾರು ಮಾಡಿದಳು. ಸುವಾರ್ತೆಗಾಗಿ ಪ್ರಾಣ ಕೊಟ್ಟವನು ನಮ್ಮ ಮನೆಯಲ್ಲಿ ಆ ಹುಂಜ ಒಬ್ಬನೇ.

ಎಮ್ಮೆಗೆ ಮಾತ್ರ ದಿನವೂ ಒಂದೇ ಕತೆ. ಮೂಲದಲ್ಲಿ ಅದು ಯೇಸುಸ್ವಾಮಿ ಹೇಳಿದ ನೂರು ಕುರಿಗಳ ಕತೆ. ನಮ್ಮ ಕಡೆ ಕುರಿ ಕಂಡವರು ಯಾರಿದ್ದಾರೆ? ಎಮ್ಮೆಗಂತೂ ತಿಳಿಯುವುದೇ ಇಲ್ಲ. ಆದ್ದರಿಂದ ಚಿಕ್ಕಪ್ಪ ಅದನ್ನು ನೂರು ಎಮ್ಮೆ ಮಾಡಿದ್ದ. ನೂರು ಎಮ್ಮೆಯ ಯಜಮಾನ, ಅದರಲ್ಲಿ ಒಂದು ತಪ್ಪಿಸಿಕೊಂಡಿತು, ಅವನು ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕುತ್ತ ಗುಡ್ಡ ಹತ್ತಿದ, ಮುಳ್ಳು ತುಳಿದ, ಕತ್ತಲಾಯಿತು, ಹೆಸರು ಹಿಡಿದು ಕರೆದ. ಅಷ್ಟರಲ್ಲಿ ಕೆಚ್ಚಲು ಬರಿದಾಗುತ್ತಿತ್ತು. ಚಿಕ್ಕಪ್ಪ ಪಾತ್ರೆ ಎತ್ತಿಕೊಂಡು ಏಳುತ್ತಿದ್ದ. ಪಾಪ ಆ ಯಜಮಾನ ವರ್ಷಗಟ್ಟಲೆ ಗುಡ್ಡದ ಮೇಲೆಯೇ ಉಳಿದ!

ಕತೆಯ ಹೊತ್ತಿಗೆ ಅಪ್ಪ ಎಲ್ಲಿರುತ್ತಿದ್ದ? ಕೊಟ್ಟಿಗೆಯ ಗೋಡೆಗೆ ತಾಗಿದ ಬೆಂಚಿನ ಮೇಲೆ. ಮೊದಲು ಆ ಬೆಂಚು ಜಗಲಿಯ ಇನ್ನೊಂದು ತುದಿಯಲ್ಲಿತ್ತು. ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅಪ್ಪನೇ ಎಳೆದು ತಂದು ಹಾಕಿದ. ಸೆಗಣಿ ರಾಶಿಯ ಕಡೆಯಿಂದ ಬರುವ ಗಾಳಿಯನ್ನು ಇಷ್ಟು ಪ್ರೀತಿಯಿಂದ ಸೇವಿಸಿದ ಮನುಷ್ಯನನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಒಮ್ಮೆ ಊರಿನ ಇಬ್ಬರು ಹಿರಿಯರು ಗಂಭೀರ ಮುಖ ಮಾಡಿಕೊಂಡು ಬಂದರು. ಚಿಕ್ಕಪ್ಪ ಎಮ್ಮೆಯನ್ನು ಹಳ್ಳಕ್ಕೆ ಇಳಿಸಿ, ತಲೆಯ ಮೇಲೆ ನೀರು ಹೊಯ್ದು, ಏನೋ ಹೇಳುತ್ತಿದ್ದುದನ್ನು ಯಾರೋ ನೋಡಿದ್ದರು. ಎಮ್ಮೆಗೆ ಕ್ರೈಸ್ತರ ದೀಕ್ಷಾಸ್ನಾನ ಆಗಿದೆ ಎಂಬ ಸುದ್ದಿ ಅಂಕೋಲೆಯ ಪೇಟೆಯವರೆಗೂ ಮುಟ್ಟಿತ್ತು. ಅಪ್ಪ ಅವರನ್ನು ಕೂರಿಸಿ, ಆ ಎಮ್ಮೆಗೆ ಸ್ನಾನ ಮಾಡಿಸದಿದ್ದರೆ ಸೆಗಣಿ ಮೆತ್ತಿಕೊಂಡಿರುತ್ತದೆ, ನಿಮ್ಮ ಮನೆಗೆ ಹೋಗುವುದು ಅದರದೇ ಹಾಲು, ಸ್ನಾನ ಬೇಡವೆಂದರೆ ನಾಳೆಯಿಂದ ನಿಲ್ಲಿಸುತ್ತೇನೆ ಎಂದ. ಹಿರಿಯರು ಅದೇ ಹಾಲಿನ ಚಾ ಕುಡಿದು ಸಮಾಧಾನವಾಗಿ ಹೋದರು. ಅಪ್ಪ ತನ್ನ ಪರವಾಗಿ ಮಾತಾಡಿದ ಎಂದು ಚಿಕ್ಕಪ್ಪನ ಮುಖ ಅರಳಿತ್ತು. ಅಪ್ಪ ಅವನ ಕಡೆ ನೋಡದೆ ಗದ್ದೆಗೆ ನಡೆದ. ಒಂದೇ ತಾಟಿನಲ್ಲಿ ಉಂಡು ಬೆಳೆದ ಆ ಇಬ್ಬರು ಈಗ ಗೊಬ್ಬರ, ಮಳೆ, ಮೀನಿನ ದರ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಚಿಕ್ಕಪ್ಪನಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಕಾರವಾರದ ಆಸ್ಪತ್ರೆಗೆ ಸೇರಿಸಿದೆವು. ನಾನು ಸದಾಶಿವಗಡದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಹೋಗುವಾಗ ಬರುವಾಗ ಅವನನ್ನು ನೋಡಿ ಬರುವುದು ನನ್ನ ಪಾಲಿಗೆ ಬಂತು. ಹಾಲು ಕರೆಯುವುದು ಅಮ್ಮನ ಪಾಲಿಗೆ ಬಂತು. ಆದರೆ ಎಮ್ಮೆ ಒಪ್ಪಬೇಕಲ್ಲ! ಹಿಂಡಿ ಇಟ್ಟರೂ ಕರು ಬಿಟ್ಟರೂ ಹಾಲು ಇಳಿಸಲಿಲ್ಲ. ಪಕ್ಕದ ಮನೆಯ ಅಕ್ಕ ಬಂದು ಪ್ರಯತ್ನಿಸಿ ಒದೆ ತಿಂದು ಹೋದಳು. ಅದಕ್ಕೆ ಕತೆ ಬೇಕು ಎಂಬುದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ನಾನೇ ಚಿಕ್ಕಪ್ಪನಿಗೆ ಫೋನ್ ಹಚ್ಚಿ, ಎಮ್ಮೆಯ ಕಿವಿಯ ಹತ್ತಿರ ಹಿಡಿಯುತ್ತೇನೆ, ಸ್ವಲ್ಪ ಕತೆ ಹೇಳು ಎಂದೆ.

"ಫೋನ್ ಹಿಡಿಯೂದು ನೀನಲ್ದಾ? ನೀ ಮನುಷ್ಯಳಲ್ದಾ? ಅಣ್ಣಂಗೆ ಮಾತು ಕೊಟ್ಟಿದ್ದೆ ನಾ" ಎಂದು ಕೆಮ್ಮುತ್ತಲೇ ಇಟ್ಟುಬಿಟ್ಟ. ಮಾತು ಉಳಿಸಿಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ?

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಾಲು ಪಾತ್ರೆಗೆ ಬೀಳುವ ಸದ್ದು. ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ತಗ್ಗಿದ ದನಿಯಲ್ಲಿ ಎಮ್ಮೆಗೆ ನೂರು ಎಮ್ಮೆಯ ಕತೆ ಹೇಳುತ್ತಿದ್ದ! ಒಂದು ಮಾತೂ ತಪ್ಪಿರಲಿಲ್ಲ. ಮಧ್ಯದಲ್ಲಿ ಒಂದು ತಿದ್ದುಪಡಿ ಮಾತ್ರ ಇತ್ತು. ಅಪ್ಪನ ಯಜಮಾನ ತೊಂಬತ್ತೊಂಬತ್ತನ್ನು ಹಾಗೇ ಬಿಟ್ಟು ಹೋಗಲಿಲ್ಲ. ಎಲ್ಲವನ್ನೂ ಕಟ್ಟಿ, ಬೇಲಿಯ ಬಾಗಿಲಿಗೆ ಅಡ್ಡ ದಣಪೆ ಹಾಕಿ, ಪಕ್ಕದ ಮನೆಯವರಿಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿಯೇ ಗುಡ್ಡ ಹತ್ತಿದ. ಹಾಗೆ ಬಿಟ್ಟು ಹೋದರೆ ಕಂಡವರ ಗದ್ದೆ ಮೇಯುತ್ತವಲ್ಲ ಎಂಬ ಚಿಂತೆಯನ್ನು ಅಪ್ಪ ಅದೆಷ್ಟು ವರ್ಷ ಆ ಬೆಂಚಿನ ಮೇಲೆ ಕೂತು ಒಬ್ಬನೇ ಅನುಭವಿಸಿದ್ದನೋ! ಕತ್ತಲಾಯಿತು, ಯಜಮಾನ ಹೆಸರು ಹಿಡಿದು ಕರೆದ ಎಂಬಲ್ಲಿಗೆ ಬಂದು ಅಪ್ಪ ನಿಂತ. ಹಾಲೂ ಮುಗಿದಿತ್ತು. ನಾನು ಸದ್ದು ಮಾಡದೆ ಒಳಗೆ ಬಂದೆ.

ಆ ದಿನ ಶಾಲೆಗೆ ಹೋಗುವ ಮೊದಲೇ ಆಸ್ಪತ್ರೆಗೆ ಓಡಿದೆ. ಕಂಡದ್ದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ದಣಪೆ ಹಾಕಿದ್ದನ್ನು ಹೇಳಿದಾಗ ಅವನ ಹೊಟ್ಟೆ ಕುಲುಕುವಷ್ಟು ನಗು ಬಂತು, ನಗು ಕೆಮ್ಮಾಯಿತು, ನರ್ಸ್ ಬಂದು ನನ್ನನ್ನು ಬೈದಳು. ಅಪ್ಪ ಗೋಡೆಯ ಆಚೆ ಕೂರುವುದು ಗೊತ್ತಿತ್ತಾ ಎಂದು ಕೇಳಿದೆ. ಬೆಂಚು ಎಳೆದ ದಿನವೇ ಗೊತ್ತಾಯಿತು ಎಂದ. ಹಾಗಾದರೆ ಕತೆಯನ್ನು ಒಂದು ದಿನವಾದರೂ ಯಾಕೆ ಮುಗಿಸಲಿಲ್ಲ?

"ಮುಗ್ಸಿಬಿಟ್ರೆ ಮರುದಿನ ಅಂವ ಅಲ್ಲಿ ಬಂದು ಕೂಡ್ತಿದ್ನಾ? ಮುಂದೆ ಎಂತಾಯ್ತೋ ತಮ್ಮಾ ಅಂತ ಅಂವ ಒಂದು ದಿನ ಕೇಳ್ತ ಅಂತ ಕಾಯ್ತಿದ್ದೆ. ಅಂವನೇ ಕೇಳಿದ್ಮೇಲೆ ಹೇಳಿದ್ರೆ ಮಾತು ತಪ್ಪಿದ ಹಾಗಲ್ಲ ನೋಡು."

ಲೋಕಕ್ಕೆಲ್ಲ ಹೇಳಬೇಕು ಎಂದು ಹೊರಟವನಿಗೆ ಬೇಕಾಗಿದ್ದುದು ಒಬ್ಬನೇ ಒಬ್ಬ ಮನುಷ್ಯ. ಆ ಮನುಷ್ಯ ಗೋಡೆಯ ಆಚೆಗೇ ಇದ್ದ.

ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೇಳುವುದಕ್ಕೋಸ್ಕರವಾದರೂ ಒಮ್ಮೆ ಹೋಗು ಎಂದೆ. ಬೆಳಿಗ್ಗೆ ನೋಡಿದರೆ ಅಪ್ಪ ಮಿಂದು, ಮದುವೆ ಮನೆಗೆ ಹೋಗುವಾಗ ಹಾಕುವ ಬಿಳಿ ಅಂಗಿ ತೆಗೆದಿಟ್ಟುಕೊಂಡಿದ್ದ. ಹಾಲು ಕರೆದು ಮುಗಿಸಿ ನನ್ನ ಜೊತೆಗೇ ಬಸ್ಸಿಗೆ ಬರುತ್ತೇನೆ ಎಂದ. ಅವನು ಕೊಟ್ಟಿಗೆಯಲ್ಲಿ ಇರುವಾಗಲೇ ಆಸ್ಪತ್ರೆಯಿಂದ ಫೋನ್ ಬಂತು. ಚಿಕ್ಕಪ್ಪ ಹೋಗಿಬಿಟ್ಟಿದ್ದ. ನಾನು ಹೋಗಿ ಹೇಳಿದೆ. ಅಪ್ಪ ಎದ್ದು ಬರಲಿಲ್ಲ. ಎಮ್ಮೆಯ ಹೊಟ್ಟೆಗೆ ಹಣೆ ಒರಗಿಸಿಕೊಂಡು ಹಾಗೇ ಕೂತ.

ಮಣ್ಣು ಮಾಡುವ ದಿನ ಮಲ್ಲಾಪುರದಿಂದ ಆ ಹಿರಿಯ ನೌಕರರು ಮತ್ತು ನಾಲ್ಕಾರು ಜನ ಬಂದಿದ್ದರು. ನಮ್ಮ ಅಂಗಳದಲ್ಲಿ ಪ್ರಾರ್ಥನೆ ಮಾಡಬಹುದೇ ಎಂದು ಅಂಜುತ್ತ ಕೇಳಿದರು. ಊರವರೆಲ್ಲ ನೋಡುತ್ತಿದ್ದರು. ಅಪ್ಪ ಬಿಳಿ ಅಂಗಿಯಲ್ಲಿ ನಿಂತು, ಗಟ್ಟಿಯಾಗಿಯೇ ಮಾಡಿ, ಇಷ್ಟು ವರ್ಷ ಅವನು ಸಣ್ಣ ದನಿಯಲ್ಲಿ ಮಾಡಿದ್ದು ಸಾಕು ಎಂದ.

ಈಗ ಹಾಲು ಕರೆಯುವುದು ಅಪ್ಪನೇ. ಬೆಂಚು ಗೋಡೆಯ ಹತ್ತಿರವೇ ಇದೆ, ಅದರ ಮೇಲೆ ಯಾರೂ ಕೂರುವುದಿಲ್ಲ. ಅಪ್ಪ ಕ್ರೈಸ್ತನೇನೂ ಆಗಿಲ್ಲ. ತುಳಸಿಗೆ ನೀರು ಹಾಕಿ, ಕೈ ಮುಗಿದು, ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಕತೆ ಹೇಳುತ್ತಾನೆ. ಯಜಮಾನ ಕತ್ತಲಲ್ಲಿ ಹೆಸರು ಹಿಡಿದು ಕರೆಯುವವರೆಗೆ ಬಂದು ನಿಲ್ಲುತ್ತಾನೆ. ಮೊನ್ನೆ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು, ಆ ಎಮ್ಮೆ ಸಿಕ್ಕಿತು ಅಪ್ಪ, ಅವನು ಅದನ್ನು ಮನೆಗೆ ಕರೆದುಕೊಂಡು ಬಂದ, ಊರಿಗೆಲ್ಲ ಊಟ ಹಾಕಿದ ಎಂದೆ.

ಅಪ್ಪ ತಿರುಗಲಿಲ್ಲ.

"ಗೊತ್ತದೆ. ಅಷ್ಟು ದೂರ ಹುಡುಕೂಕೆ ಹೋದವ ಬರಿಗೈಲಿ ಬರ್ತ್ನಾ? ಅಂವನೇ ಹೇಳ್ಲಿ ಅಂತ ನಾ ಕಾಯ್ತಿದ್ದೆ."

ಪಾತ್ರೆ ಎತ್ತಿಕೊಂಡು, ಎಮ್ಮೆಯ ಬೆನ್ನು ಒಮ್ಮೆ ಸವರಿ, ಒಳಗೆ ಹೋದ. ನಾಳೆ ಬೆಳಿಗ್ಗೆ ಕತೆಯ ಆ ಎಮ್ಮೆ ಮತ್ತೆ ತಪ್ಪಿಸಿಕೊಳ್ಳುತ್ತದೆ. ಅಪ್ಪ ದಣಪೆ ಹಾಕಿ, ಪಕ್ಕದ ಮನೆಗೆ ಹೇಳಿ, ಹುಡುಕಲು ಹೊರಡುತ್ತಾನೆ.