ಒಂಬತ್ತು ದೊಡ್ಡದೋ, ಇಪ್ಪತ್ತೆರಡು ದೊಡ್ಡದೋ

ಪಿಸ್ತೂಲು ಇರುವ ಜಾಗದಲ್ಲಿ ಎಂಥ ನಗು ಎಂದು ಊರಿಗೆ ಹೋದಾಗ ಜನ ಕೇಳುತ್ತಾರೆ. ಕುವೈತಿನ ಒಂದು ಶೂಟಿಂಗ್ ರೇಂಜಿನ ಕೌಂಟರಿನಲ್ಲಿ ನಾನು ಹಲವು ವರ್ಷ ಕೂತಿದ್ದೆ. "ಯಾವ ಸೈಜಿನದು ಕೊಡಲಿ?" ಎಂದು ಒಬ್ಬೊಬ್ಬರನ್ನೂ ಕೇಳುವುದು ನನ್ನ ಕೆಲಸ. ಆ ಪ್ರಶ್ನೆ ಕೇಳಿದ ದಿನ ಏನಾದರೊಂದು ಆಗದೆ ಇದ್ದದ್ದು ಅಪರೂಪ.

ಜಿಮ್ಮಿನ ಮಹಿಮೆ

ಗುರಿ ಹೊಡೆದು ನೋಡೋಣ ಎಂದು ಬರುವ ಸಾರ್ವಜನಿಕರಿಗೆ ನಮ್ಮಲ್ಲಿ ಎರಡೇ ಬಗೆ. ಒಂದು ಇಪ್ಪತ್ತೆರಡು, ಇನ್ನೊಂದು ಒಂಬತ್ತು. ಇಪ್ಪತ್ತೆರಡು ಅನ್ನುವುದು ಇಂಚಿನ ಲೆಕ್ಕ. ಅಂದರೆ ಒಂದು ಇಂಚನ್ನು ನೂರು ಭಾಗ ಮಾಡಿದರೆ ಅದರಲ್ಲಿ ಇಪ್ಪತ್ತೆರಡು ಭಾಗ. ಸಣ್ಣ ಗುಂಡು, ಟಪ್ ಅನ್ನುತ್ತದೆ ಅಷ್ಟೆ. ಹೊಸಬರಿಗೆ ಅದೇ ಸರಿ. ಒಂಬತ್ತು ಅನ್ನುವುದು ಮಿಲಿಮೀಟರಿನ ಲೆಕ್ಕ. ಅದು ದೊಡ್ಡ ಗುಂಡು. ಹಾರಿಸಿದರೆ ಕೈಯನ್ನು ಹಿಂದಕ್ಕೆ ಒದೆಯುತ್ತದೆ.

ಒಂದು ಶುಕ್ರವಾರ ಅಬು ಹಲೀಫಾದಿಂದ ಇಬ್ಬರು ಗೆಳೆಯರು ಬಂದರು. ಇಬ್ಬರೂ ನಮ್ಮ ಹುಬ್ಬಳ್ಳಿ ಕಡೆಯವರೇ. ಒಬ್ಬ ಜಿಮ್ಮಿನಲ್ಲಿ ಬೆಳೆಸಿದ ತೋಳಿನ ದಢೂತಿ ಆಸಾಮಿ, ಇನ್ನೊಬ್ಬ ಗಾಳಿಗೆ ಹಾರುವಂಥ ತೆಳ್ಳಗಿನವ. ನಾನು ವಿವರಿಸಲು ಬಾಯಿ ತೆರೆದೆ. ದಢೂತಿ ತಡೆದ.

"ಭಾಷಣ ಬ್ಯಾಡ್ರಿ. ನನಗ ಇಪ್ಪತ್ತೆರಡು ಕೊಡ್ರಿ. ಇವನಿಗೆ ಒಂಬತ್ತು ಸಾಕು."

"ನನಗ ಒಂಬತ್ತೂ ಜಾಸ್ತಿನ," ಅಂದ ತೆಳ್ಳಗಿನವ. "ಆರು ಇಲ್ಲೇನ್ರಿ?"

"ಲೆಕ್ಕ ಉಲ್ಟಾ ಐತ್ರಿ," ಅಂದೆ.

"ಒಂಬತ್ತಕ್ಕಿಂತ ಇಪ್ಪತ್ತೆರಡು ದೊಡ್ಡದು ಅಂತ ನಮ್ಮ ಸಾಲ್ಯಾಗ ಕಲಿಸ್ಯಾರ," ಅಂದ ದಢೂತಿ.

ತರಬೇತುದಾರ ಪಕ್ಕದಲ್ಲೇ ನಿಂತು ಇಬ್ಬರಿಂದಲೂ ಹೊಡೆಸಿದ. ದಢೂತಿಯ ಕೈಯಲ್ಲಿ ಟಪ್, ಟಪ್ ಅಂದಿತು. ತೆಳ್ಳಗಿನವನ ಕೈಯಲ್ಲಿ ಗುಡುಗಿತು. ಮೊಣಕೈಯವರೆಗೂ ನಡುಕ ಬಂತು. ವಾಪಸ್ ಬಂದವನು ಗೆಳೆಯನನ್ನು ಭಕ್ತಿಯಿಂದ ನೋಡುತ್ತ ನನಗೆ ಹೇಳಿದ: "ನನ್ನ ಕೈಯಾಗ ಬರೇ ಒಂಬತ್ತು ಇಷ್ಟು ಒದರತದ. ಇವನ ಕೈಯಾಗ ಇಪ್ಪತ್ತೆರಡು ಬಾಯಿ ಮುಚ್ಚಿಕೊಂಡು ಕುಂತಿತ್ತು ನೋಡ್ರಿ. ಜಿಮ್ಮಿಗೆ ಹೋಗೋದು ಸುಮ್ಮನ ಅಲ್ಲ."

 

ಗಂಡಸರ ಸೈಜು

ರುಮೈಥಿಯಾದಲ್ಲಿ ಅಂಗಡಿ ಇಟ್ಟಿದ್ದ ಮಂಗಳೂರು ಕಡೆಯ ಬ್ಯಾರಿ ಸಾಹುಕಾರರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. "ಇವಳಿಗೆ ಆ ಸಣ್ಣದು ಕೊಡಿ ಮಾರಾಯ್ರೆ. ನನಗೆ ಗಂಡಸರದ್ದು," ಅಂದರು. ಇವರು ಮೊದಲೇ ಲೆಕ್ಕ ತಿಳಿದುಕೊಂಡು ಬಂದವರು. ಆತ್ಮರಕ್ಷಣೆಗೆ ಒಂಬತ್ತಕ್ಕಿಂತ ಕಡಿಮೆ ಆಗಲೇಬಾರದು ಎಂದು ದಾರಿಯುದ್ದಕ್ಕೂ ಹೆಂಡತಿಗೆ ಪಾಠ ಮಾಡಿದ್ದರಂತೆ.

ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಹೊಡೆದರು. ಗುರಿಯ ಕಾಗದಗಳನ್ನು ತಂದು ನೋಡಿದರೆ ಸಾಹುಕಾರರದ್ದು ಅಂಗಡಿಯಿಂದ ಆಗತಾನೆ ತಂದಂತಿತ್ತು. ಒಂದು ತೂತೂ ಇಲ್ಲ. ಹೆಂಡತಿಯ ಕಾಗದದಲ್ಲಿ ನಡುವೆ ಒತ್ತೊತ್ತಾಗಿ ಸಣ್ಣ ತೂತುಗಳು, ಅಂಚಿನಲ್ಲಿ ನಾಲ್ಕಾರು ದೊಡ್ಡ ತೂತುಗಳು. ಆ ದೊಡ್ಡವು ಎಲ್ಲಿಂದ ಬಂದವು ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಸಾಹುಕಾರರು ತಮ್ಮ ಕಾಗದವನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ಹುಡುಕಿದರು. ಆಕೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಇನ್ನು ನಮ್ಮ ಮನೆಗೆ ಕಳ್ಳ ಬಂದ್ರೆ ಪಕ್ಕದ ಮನೆಯವ್ರಿಗೆ ಮೊದ್ಲೇ ಫೋನ್ ಮಾಡ್ಬೇಕು. ಪಾಪ, ಅವ್ರು ಬಗ್ಗಿಕೊಳ್ಲಿ."

ಅಜ್ಜನ ಕಳ್ಳ

ವಾರಕ್ಕೊಮ್ಮೆ ಚಹಾ ಕುಡಿಯಲು ಬರುತ್ತಿದ್ದ ಒಬ್ಬ ಕುವೈತಿ ಅಜ್ಜನಿಗೆ ನಾವೆಲ್ಲ ಮಕ್ಕಳಿದ್ದ ಹಾಗೆ. ಒಂದು ದಿನ, ಮನೆ ಕಾಯಲು ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು, ಒಳ್ಳೆಯದು ಎಂದು ಕೇಳಿಬಿಟ್ಟ. ನಮ್ಮಲ್ಲಿ ಈಜಿಪ್ಟಿನ ಒಬ್ಬ, ಪಾಕಿಸ್ತಾನದ ಒಬ್ಬ, ಹೀಗೆ ಇಬ್ಬರು ತರಬೇತುದಾರರು. ಒಂದೇ ಏಟಿಗೆ ಕೆಡವುವ ದೊಡ್ಡ ಗುಂಡೇ ಸರಿ ಅಂದ ಒಬ್ಬ. ಕೈ ಅಲುಗದ ಸಣ್ಣದೇ ಸರಿ, ತಾಗದ ದೊಡ್ಡ ಗುಂಡಿನಿಂದ ಏನು ಪ್ರಯೋಜನ ಅಂದ ಇನ್ನೊಬ್ಬ. ಚಹಾ ಮುಗಿಯಿತು, ಇನ್ನೊಂದು ಬಂತು, ಅದೂ ಆರಿತು. ಕೊನೆಗೆ ಅಜ್ಜ ಕೋಲು ಊರಿಕೊಂಡು ಎದ್ದ.

"ಖಲಾಸ್, ಮಕ್ಕಳೇ. ನೀವು ತೀರ್ಮಾನ ಮಾಡುವುದರೊಳಗೆ ನನ್ನ ಕಳ್ಳನಿಗೂ ನನ್ನಷ್ಟೇ ವಯಸ್ಸಾಗುತ್ತದೆ. ಆಗ ಈ ಕೋಲೇ ಸಾಕು."

ಮೂವತ್ತೆರಡು

ಬೆಳಗಾವಿ ಹತ್ತಿರದ ಊರೊಂದರಲ್ಲಿ ನನ್ನ ಮಾವನವರದು ಬಂಗಾರದ ಅಂಗಡಿ. ಬಾಗಿಲು ಹಾಕುವ ಹೊತ್ತಿಗೆ ಯಾರೋ ಚೀಲಕ್ಕೆ ಕೈ ಹಾಕಿ ಎಳೆದಾಡಿದ ಮೇಲೆ ಹೆದರಿ ರಿವಾಲ್ವರಿನ ಲೈಸನ್ಸಿಗೆ ಅರ್ಜಿ ಹಾಕಿದ್ದರು. ನಾನು ಬಸ್ಸಿನಲ್ಲಿ ಕುವೈತ್ ಸಿಟಿಗೆ ಹೋಗುತ್ತಿದ್ದಾಗ ಅವರ ಫೋನ್ ಬಂತು. ಲೈಸನ್ಸ್ ಸಿಕ್ಕಿದೆ, ಇಪ್ಪತ್ತೆರಡು ತಗೊಳ್ಳಲೋ ಮೂವತ್ತೆರಡೋ ಎಂದು ಕೇಳಿದರು. ಇವೆರಡೂ ಇಂಚಿನ ಲೆಕ್ಕದವೇ.

ತುಂಬಿದ ಬಸ್ಸು. ರಿವಾಲ್ವರ್ ಅನ್ನುವ ಶಬ್ದ ಯಾವ ದೇಶದವನಿಗೂ ತಿಳಿಯುತ್ತದೆ. ಅದಕ್ಕೇ ಹೆಸರು ಎತ್ತದೆ ಹೇಳಿದೆ:

"ಮಾವಾರ, ಇಪ್ಪತ್ತೆರಡು ಬ್ಯಾಡ್ರಿ, ನಿಮಗ ಭಾಳ ಸಣ್ಣದಾಗತದ. ಮೂವತ್ತೆರಡು ಇರಲಿ. ಈ ವಯಸ್ಸಿನಾಗೂ ನಿಭಾಯಿಸಬಹುದು. ಹೋಗಿ ಒಮ್ಮೆ ನೋಡ್ರಿ, ಮನಸ್ಸಿಗೆ ಬಂದ್ರ ಮನಿಗೆ ತರ್ರಿ. ಅತ್ತಿಯವರಿಗೆ ಆಮ್ಯಾಲೆ ಹೇಳಿದ್ರಾತು. ಮೊದಲ ಹೇಳಿದ್ರ ಹೆದರತಾರ."

ಫೋನ್ ಇಟ್ಟು ನೋಡಿದರೆ ಮುಂದಿನ ಸೀಟಿನಲ್ಲಿ ನಮ್ಮ ಕನ್ನಡ ಕೂಟದ ಹಿರಿಯ ಹೆಂಗಸೊಬ್ಬರು. ನಮಸ್ಕಾರ ಅಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ನಾನು ಮನೆ ಮುಟ್ಟುವ ಮೊದಲೇ ಆ ಹಿರಿಯರ ಫೋನ್ ಮುಟ್ಟಿತ್ತು. ಮನೆಗೆ ಬಂದಾಗ ಒಲೆ ಹಚ್ಚಿರಲಿಲ್ಲ. ಹೆಂಡತಿಯ ಕಣ್ಣುಗಳು ಕೆಂಪಾಗಿದ್ದವು. "ಎಪ್ಪತ್ತು ದಾಟಿದ ನಮ್ಮಪ್ಪಗ ಹೆಣ್ಣು ಗೊತ್ತು ಮಾಡಾಕ ನಿಮಗ ನಾಚಿಗಿ ಬರಲಿಲ್ಲೇನು?" ಅಂದಳು. ಯಾವ ಹೆಣ್ಣು, ಎಲ್ಲಿಯ ಹೆಣ್ಣು ಎಂದು ನನಗೆ ಹೊಳೆಯುವುದರೊಳಗೆ ಆಕೆ ತಾಯಿಗೆ ಫೋನ್ ಹಚ್ಚಿ, ನಾನೂ ಕೇಳಲಿ ಎಂದು ಸ್ಪೀಕರ್ ಒತ್ತಿದ್ದಳು.

"ಅವ್ವಾ, ಅಪ್ಪ ಮನಿಗೆ ತರೋದು ನಿನಗ ಗೊತ್ತೈತೇನು?"

"ಗೊತ್ತೈತೆವಾ. ಮೂವತ್ತೆರಡು ಅಡ್ಡಿಯಿಲ್ಲ ಅಂತ ನಿನ್ನ ಗಂಡನ ಹೇಳಿದ್ನಂತ."

ಹೆಂಡತಿ ನನ್ನನ್ನು ನೋಡಿದ ನೋಟ ನಾನು ಇಲ್ಲಿ ಬರೆಯಲಾರೆ. "ನೀ ಸುಮ್ಮನ ಒಪ್ಪಿದೇನು?" ಅಂದಳು ತಾಯಿಗೆ.

"ಅಂಗಡ್ಯಾಗ ಒಬ್ಬರ ಇರತಾರ, ಜೊತಿಗಿರಲಿ ಬಿಡು. ಸರಕಾರನ ಹೂಂ ಅಂದ ಮ್ಯಾಲ ನಂದೇನು ನಡಿತೈತಿ?"

"ಅವ್ವಾ, ನಿನ್ನ ಗತಿ?" ಈಗ ಅಳು ಬಂದೇಬಿಟ್ಟಿತು.

"ನನಗೇನಾಗತೈತಿ? ರಾತ್ರಿ ದಿಂಬಿನ ಬುಡಕ ಇಟ್ಕೊಂಡು ಮಲಗತೀನಿ ಅನ್ನಾಕತ್ತಿದ್ರು. ಅದೆಲ್ಲ ನಡಿಯಂಗಿಲ್ಲ ಅಂದೆ. ಕಪಾಟಿನ್ಯಾಗ ಹಾಕಿ ಕೀಲಿ ಹಾಕೋದು, ಹಬ್ಬಕ್ಕೊಮ್ಮೆ ಹೊರಗ ತಗದು, ಚಂದಂಗ ವರಸಿ, ಎಣ್ಣಿ ಹಚ್ಚಿ ಮತ್ತ ಒಳಗಿಡೋದು."

ಹೆಂಡತಿಯ ಅಳು ಅರ್ಧಕ್ಕೇ ನಿಂತಿತು. ಫೋನನ್ನು ನೋಡಿದಳು, ನನ್ನನ್ನು ನೋಡಿದಳು.

"ಎಣ್ಣಿ ಯಾಕವ್ವಾ?"

"ಇಲ್ಲಾಂದ್ರ ತುಕ್ಕು ಹಿಡಿತೈತೆವಾ."