ಬ್ರೌಸರಿಗೆ ಲಸಿಕೆ ಹಾಕುವ ಮಾವ

ನಮ್ಮ ಯಜಮಾನರ ಸೋದರಮಾವ ಈ ಜಗತ್ತಿನಲ್ಲಿ ಹೆದರುವುದು ಎರಡಕ್ಕೇ: ಒಂದು ಇಲಿ, ಇನ್ನೊಂದು ಹಳೆಯ ಬ್ರೌಸರ್. ಎರಡೂ ಒಂದೇ ಎಂಬುದು ಅವರ ವಾದ. ಠಾಣೆ ಹತ್ತಿರದ ರಬಾಳೆಯಲ್ಲಿ ಕಾರ್ಖಾನೆಯೊಂದರ ಕ್ಯಾಂಟೀನು ನಡೆಸಿದವರು. ಅಕ್ಕಿ ಗೋಣಿಗೆ ತೂತು ಬಿದ್ದರೆ ಏನಾಗುತ್ತದೆಂದು ಅವರಿಗೆ ಹೇಳಿಕೊಡಬೇಕೇ?

ಕ್ಯಾಂಟೀನು ಬಿಟ್ಟ ಮೇಲೆ ಠಾಕುರ್ಲಿಯ ಮನೆಯಲ್ಲಿ ಕುಳಿತು ಕಂಪ್ಯೂಟರ್ ಕಲಿತರು. ಬ್ರೌಸರಿನಲ್ಲಿ ವೈರಸ್ ನುಗ್ಗುವ ತೂತು ಸಿಕ್ಕಿದೆ, ಹೊಸದನ್ನು ಹಾಕಿಕೊಳ್ಳಿ ಎಂದು ಪತ್ರಿಕೆಯಲ್ಲಿ ಬಂತೋ, ಹೊಸದನ್ನು ಸಿ.ಡಿ.ಗೆ ಇಳಿಸಿ, ಸಿ.ಡಿ.ಯನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿಟ್ಟು ಲೋಕಲ್ ರೈಲು ಹತ್ತುವರು. ಕಲ್ಯಾಣ್, ಡೊಂಬಿವಲಿ, ಕೊನೆಗೆ ಠಾಣೆಯ ವರ್ತಕ ನಗರದ ನಮ್ಮ ಮನೆ. ನೆಂಟರ ಒಂದು ಕಂಪ್ಯೂಟರೂ ತಪ್ಪಿಸಿಕೊಳ್ಳುವಂತಿಲ್ಲ! ಮುಗಿದ ಮೇಲೆ, ಪೋಲಿಯೊ ಹನಿ ಹಾಕಿದ ಮಗುವಿನ ಬೆರಳಿಗೆ ಮಾಡುವಂತೆ, ಸಿಪಿಯು ಡಬ್ಬದ ಮೇಲೆ ಮಾರ್ಕರಿನಿಂದ ಒಂದು ಚುಕ್ಕೆ. ನಮ್ಮದಕ್ಕೆ ಹನ್ನೊಂದು ಚುಕ್ಕೆ ಬಿದ್ದಾಗ, ಧೂಳು ಒರೆಸುತ್ತಿದ್ದ ಕೆಲಸದ ಬಾಯಿ ಗಾಬರಿಯಾದಳು. "ಭಾಭಿ, ಯಾಲಾ ಗೋವರ್ ಝಾಲಾ ಕಾ?" ಕಂಪ್ಯೂಟರಿಗೆ ದಡಾರ ಬಂದಿದೆಯೆಂದೇ ಅವಳ ಅನುಮಾನ.

ಒಮ್ಮೆ ಹೊಸದನ್ನು ಹಾಕಿದ ಮೇಲೆ ಪುಟಗಳೆಲ್ಲ ಒಗೆದ ಪಂಚೆಯ ಹಾಗೆ ಬೆಳ್ಳಗೆ. ಮಾವ ಬ್ರೌಸರನ್ನು ಬುಡಸಹಿತ ಕಿತ್ತು, ಅದು ಬಚ್ಚಿಟ್ಟುಕೊಂಡಿದ್ದನ್ನೆಲ್ಲ ಅಳಿಸಿ, ಪುನಃ ಹಾಕಿದರು. ಪುಟಗಳು ಬಂದವು. ಪಾಸ್‌ವರ್ಡುಗಳು ಹೋದವು.

ಯಜಮಾನರು ತಲೆ ಕೆರೆದುಕೊಂಡರು. "ಮಾವ, ರೈಲ್ವೆ ಟಿಕೆಟಿನ ಪಾಸ್‌ವರ್ಡ್ ಅದರಲ್ಲೇ ಇತ್ತು."

"ನಿನ್ನೆಯ ಪಾತ್ರೆ ತೊಳೀದೆ ಇವತ್ತಿನ ಹಿಟ್ಟು ಹೊಯ್ತಾರಾ? ಪಾಸ್‌ವರ್ಡ್ ಇಡ್ಲಿಕ್ಕೆ ನಿನಗೆ ತಲೆ ಇಲ್ವಾ?"

"ತಲೆಯಲ್ಲಿ ಇಡುವುದಾದ್ರೆ ಕಂಪ್ಯೂಟರ್ ಯಾಕೆ ಮಾವ?"

ಆ ಮೇ ತಿಂಗಳು ಉಡುಪಿಯ ಟಿಕೆಟಿಗಾಗಿ ಯಜಮಾನರು ಠಾಣೆ ಸ್ಟೇಷನ್ನಿನ ಸಾಲಿನಲ್ಲಿ ನಿಂತರು. "ಒಳ್ಳೇದೇ," ಎಂದರು ಮಾವ, "ಸಾಲಿನಲ್ಲಿ ವೈರಸ್ ಇಲ್ಲ."

ಇನ್ನೊಮ್ಮೆ ನಾನು ಕೇಕಿನ ರೆಸಿಪಿ ಹುಡುಕುವಾಗ, 'ನಿಮ್ಮ ಬ್ರೌಸರ್ ಅಪಾಯದಲ್ಲಿದೆ, ಇಲ್ಲಿ ಒತ್ತಿ' ಎಂದು ಪರದೆಯ ಮೇಲೆ ಕೆಂಪು ಚೌಕವೊಂದು ಮಿನುಗಿತು. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ, ಹೇಳಿದ್ದನ್ನು ಮಾಡುವುದೇ ಅಭ್ಯಾಸ! ಪುಣ್ಯಕ್ಕೆ ಒತ್ತುವ ಮೊದಲು ಮಾವನಿಗೆ ಫೋನು ಮಾಡಿದೆ.

"ದಾರಿಯಲ್ಲಿ ಕೈಹಿಡಿದು ಹಾಲು ಕೊಡುವವನ ಹತ್ರ ಹಾಲು ತಗೊಳ್ತೀಯಾ ಮಾರಾಯ್ತಿ? ಬ್ರೌಸರ್ ಮಾಡಿದವರ ಸೈಟಿಂದಲೇ ತೆಗೀಬೇಕು. ಎಂತದೂ ಮುಟ್ಬೇಡ."

ಒಂದೂವರೆ ಗಂಟೆಯಲ್ಲಿ ಟಿಫಿನ್ ಡಬ್ಬಿ ನಮ್ಮ ಬಾಗಿಲಲ್ಲಿತ್ತು.

ನಮ್ಮ ಕಂಪ್ಯೂಟರ್ ಬಲು ನಿಧಾನ. ಒಂದು ಲಸಿಕೆಗೆ ಎರಡು ಗಂಟೆ. ಅಷ್ಟು ಹೊತ್ತೂ ಮಾವ ಅಡುಗೆಮನೆಯಲ್ಲಿ ನನ್ನ ಅತ್ತೆಯ, ಅಂದರೆ ತಮ್ಮ ಅಕ್ಕನ, ಎದುರು ಕುಳಿತು ತುಳುವಿನಲ್ಲಿ ಹರಟುವರು. ಅತ್ತೆ ಬೀನ್ಸಿನ ನಾರು ತೆಗೆಯುವರು. ತೆಗೆದದ್ದನ್ನು ಮಾವ ಕ್ಯಾಂಟೀನಿನ ಕಣ್ಣಿನಿಂದ ಮತ್ತೊಮ್ಮೆ ಪರೀಕ್ಷಿಸುವರು. ಸುಮ್ಮನೆ "ಊಟಕ್ಕೆ ಬಾ" ಎಂದು ಕರೆದರೆ ಮಾತ್ರ ಬರುತ್ತಿರಲಿಲ್ಲ. ಕೆಲಸವಿಲ್ಲದೆ ಅಕ್ಕನ ಗಂಡನ ಮನೆಗೆ ಹೋಗಿ ಕೂರುವುದು ಮರ್ಯಾದೆಯಲ್ಲ ಎಂಬುದು ಅವರ ನೇಮ.

ಆಮೇಲೆ ನಮ್ಮಲ್ಲಿಗೆ ಲ್ಯಾಪ್‌ಟಾಪ್ ಬಂತು. ಮಾವ ಡಬ್ಬಿ ತೆರೆಯುವಷ್ಟರಲ್ಲಿ ನನ್ನ ಮಗಳು, "ಅಜ್ಜಾ, ಅಬ್ ಯೇ ಅಪ್ನೇ ಆಪ್ ಅಪ್‌ಡೇಟ್ ಹೋತಾ ಹೈ. ಸಿ.ಡಿ. ಡಾಲ್ನೇ ಕೀ ಜಗಹ್ ಭೀ ನಹೀ ಹೈ" ಎಂದಳು. ಇನ್ನು ಅದು ತನ್ನಷ್ಟಕ್ಕೆ ತಾನೇ ಹೊಸದಾಗುತ್ತದಂತೆ, ಸಿ.ಡಿ. ತೂರಿಸಲು ಜಾಗವೂ ಇಲ್ಲವಂತೆ.

ಮಾವ ಲ್ಯಾಪ್‌ಟಾಪಿನ ನಾಲ್ಕೂ ಬದಿ ತಡವಿ ನೋಡಿದರು. "ಹಾಗೇ ಇರ್ಬೇಕು. ಒಳ್ಳೇದಾಯ್ತು." ಡಬ್ಬಿಯ ಮುಚ್ಚಳ ಒತ್ತಿ, ಕಾಫಿಗೂ ನಿಲ್ಲದೆ ಹೊರಟರು.

ಮೂರು ತಿಂಗಳು ಬರಲಿಲ್ಲ. ಫೋನು ಮಾಡಿದರೆ, "ನನಗೆ ಅಲ್ಲಿ ಎಂತ ಕೆಲಸ ಅಕ್ಕ?" ಅತ್ತೆ ಈಗ ಬೀನ್ಸಿನ ನಾರನ್ನು ಮಾತಿಲ್ಲದೆ ತೆಗೆಯುತ್ತಿದ್ದರು. ಬೇಗ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ, ಶಾಕ್ ಹೊಡೆದೀತೆಂದು ಆವರೆಗೆ ಕಂಪ್ಯೂಟರನ್ನೇ ಮುಟ್ಟದ ಅತ್ತೆ, ಫೋನೆತ್ತಿ ತಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ಬ್ರೌಸರಿಗೆ ತೂತು ಬಿದ್ದಿದೆ. ಹೌದಪ್ಪ, ನಾನೇ ನೋಡಿದೆ."

ಮಾವ ಬಂದರು. ಕನ್ನಡಕ ಏರಿಸಿ ಲ್ಯಾಪ್‌ಟಾಪ್ ತೆರೆದರು. ಹಿಂದೆ ಕಾಫಿ ಹಿಡಿದು ನಿಂತ ನನಗೂ ಕಾಣುತ್ತಿತ್ತು: ಎಲ್ಲ ಸರಿಯಾಗಿದೆ, ಹೊಚ್ಚಹೊಸದೇ ಇದೆ ಎಂದು ಪರದೆ ಇಂಗ್ಲಿಷಿನಲ್ಲಿ ಸಾರುತ್ತಿತ್ತು.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. "ತುಂಬಾ ಹಾಳಾಗಿದೆಯಾ?"

ಮಾವ ಒಂದು ಗಳಿಗೆ ಅಕ್ಕನನ್ನೇ ನೋಡಿದರು. ಆಮೇಲೆ ಪರದೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದರು.

"ದೊಡ್ಡ ತೂತು ಅಕ್ಕ. ಎರಡು ಗಂಟೆ ಆದ್ರೂ ಬೇಕು."