ಮ್ಯಾಟಿನ ಕೆಳಗಿನ ತುಕ್ಕು

ಪತ್ರಿಕೆಯಲ್ಲಿ ದುಡಿದವರಿಗೆ ಕಾರಣ ಹುಡುಕುವ ಕೆಲಸ ಕಷ್ಟವೇನಲ್ಲ. ಸಂಜೆಯೊಳಗೆ ಸುದ್ದಿ ಕೊಡಬೇಕಾದ್ದರಿಂದ ಕೆಲವು ಕಾರಣಗಳು ಜೇಬಿನಲ್ಲೇ ಸಿದ್ಧವಿರುತ್ತವೆ. ಅಂಗಡಿಗೆ ಬೆಂಕಿ ಬಿದ್ದರೆ ಶಾರ್ಟ್ ಸರ್ಕಿಟ್, ಲಾರಿ ಉರುಳಿದರೆ ಅತಿವೇಗ. ನಮ್ಮ ಅಪ್ಪನ ಕಾಲದ ಅಂಬಾಸಿಡರ್ ಕಾರಿನ ತಳದಿಂದ ಕೆಂಪು ಪುಡಿ ಉದುರತೊಡಗಿದಾಗಲೂ ನಾನು ಹೆಚ್ಚು ಯೋಚಿಸಲಿಲ್ಲ. ಕಾರಣ, ನನ್ನ ಹೆಂಡತಿ ಶಾಂತಾ.

ಆಕೆ ಬನಹಟ್ಟಿಯ ನೇಕಾರರ ಮನೆಯ ಮಗಳು. ಅವರಲ್ಲಿ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮಗ್ಗವನ್ನು ಒರೆಸಿ ಹೂ ಇಡುತ್ತಾರೆಯೇ ಹೊರತು ನೀರು ಹಾಕುವಂತಿಲ್ಲ, ನೂಲು ಹಾಳಾಗುತ್ತದೆ. ಹುಟ್ಟಿದ ಮನೆಯಲ್ಲಿ ತೀರದ, ನೀರು ಸುರಿಯುವ ಆಸೆಯನ್ನು ಆಕೆ ನಮ್ಮ ಕಾರಿನ ಮೇಲೆ ತೀರಿಸಿಕೊಂಡಳು. ಪ್ರತಿವರ್ಷ ಪೂಜೆಯ ದಿನ ನಾಲ್ಕೂ ಬಾಗಿಲು ತೆರೆದು, ಒಳಗೆ ಕೊಡಗಟ್ಟಲೆ ನೀರು ಸುರಿದು, ಅಂಗಳ ತೊಳೆದಂತೆ ಕಸಬರಿಗೆಯಿಂದ ತಿಕ್ಕುವಳು. ಕಾರಿಗೆ ತುಕ್ಕು ಹಿಡಿದದ್ದು ಇದರಿಂದಲೇ ಎಂದು ನಾನು ಮೂರು ವರ್ಷದ ಹಿಂದೆ ಬನಹಟ್ಟಿಯ ಆಕೆಯ ತವರಿನಲ್ಲಿ, ಹೋಳಿಗೆ ಊಟದ ನಡುವೆ, ಕೈಕಾಲು ಆಡಿಸಿ ವರ್ಣಿಸಿದೆ. ಎಲ್ಲರೂ ನಕ್ಕರು, ಶಾಂತಾ ನಗಲಿಲ್ಲ. ಮರುದಿನದಿಂದ ಕಾರು ಹತ್ತುವುದನ್ನೇ ಬಿಟ್ಟಳು. ಕೇಳಿದರೆ, "ಬ್ಯಾಡ್ರಿ, ನಾ ಕುಂತ್ರ ಇನ್ನೇನೇನ್ ತುಕ್ಕ ಹಿಡೀತೈತೋ" ಎಂದಳು.

ಅಂದಿನಿಂದ ಮುಧೋಳವಿರಲಿ, ಬೀಳಗಿಯಿರಲಿ, ನಾನು ಕಾರಿನಲ್ಲಿ, ಆಕೆ ಬಸ್ಸಿನಲ್ಲಿ. ಬಹಳ ಸಲ ಆಕೆಯೇ ಮೊದಲು ತಲುಪುತ್ತಿದ್ದಳು ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ನಿವೃತ್ತನಾದ ಮೇಲೆ ಪಕ್ಕದ ಖಾಲಿ ಸೀಟು ಹೆಚ್ಚು ಕಾಣತೊಡಗಿತು. ಕಾರನ್ನು ಹೊಸದರಂತೆ ಮಾಡಿಸಿ ಆಕೆಯನ್ನು ಮತ್ತೆ ಕೂರಿಸಬೇಕೆಂದು ಜಮಖಂಡಿಯ ಮೌಲಾಸಾಬನ ಗ್ಯಾರೇಜಿಗೆ ಒಯ್ದೆ. ಬಣ್ಣ ಆರಿಸಲು ಬಾ ಎಂದು ಕರೆದಿದ್ದಕ್ಕೆ ಶಾಂತಾ ಬಂದಳು, ಬಸ್ಸಿನಲ್ಲಿ.

ಮೌಲಾಸಾಬ ತಗಡಿನ ಕೆಲಸದಲ್ಲಿ ಹಳೆಯ ಕೈ. ಕಲ್ಲಂಗಡಿ ಆರಿಸುವವನಂತೆ ಕಾರನ್ನು ಬೆರಳಿನಿಂದ ಬಡಿಯುತ್ತ ಹೋದ. ಸದ್ದು ಮಂದವಾದಲ್ಲಿ ಅಯಸ್ಕಾಂತ ಹಚ್ಚಿದ. ಎಡಬಾಗಿಲ ಕೆಳಗೆ ಅದು ನಿಲ್ಲದೆ ಅಂಗೈಗೆ ಬಿತ್ತು. ಅಲ್ಲಿ ಕಬ್ಬಿಣವೇ ಉಳಿದಿಲ್ಲ, ಹಿಂದಿನ ಪೇಂಟರ್ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾನೆ ಎಂದ. ತಪ್ಪು ಬೇರೆಯವರದಾದ್ದರಿಂದ ಸಮಾಧಾನವಾಯಿತು. ತಳದ ಕಥೆಯನ್ನು ಮಾತ್ರ ನಾನೇ ಹೇಳಿದೆ, ಶಾಂತಾಳ ಎದುರಿಗೇ.

ಆತ ಹಿಂದಿನ ಸೀಟಿನ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿದ. ಗಟ್ಟಿಮುಟ್ಟಾದ ಕಬ್ಬಿಣ. ಆಮೇಲೆ ಮುಂದೆ, ಕಾರು ಓಡಿಸುವಾಗ ನನ್ನ ಕಾಲಡಿಗೆ ಬರುವ ಮ್ಯಾಟ್ ಎತ್ತಿದ. ರೊಟ್ಟಿಯಷ್ಟು ದಪ್ಪಕ್ಕೆ ಹಸಿ ಕಾಗದ ಅಂಟಿತ್ತು. ಮಳೆಗಾಲದಲ್ಲಿ ಬೂಟಿನ ನೀರು ಹೀರಲೆಂದು ನಾನೇ ಹಾಸಿದ ಪತ್ರಿಕೆಗಳು. ನೆನೆದರೆ ಮೇಲೊಂದು ಹಾಸುತ್ತಿದ್ದೆ, ಹಳೆಯದನ್ನು ಎಂದೂ ತೆಗೆದಿರಲಿಲ್ಲ. ಮೌಲಾಸಾಬ ಕಾಗದ ಕೀಳುತ್ತಿದ್ದಂತೆ ತಗಡೂ ಜೊತೆಗೇ ಬಂತು. ಆ ಕಿಂಡಿಯಲ್ಲಿ ಗ್ಯಾರೇಜಿನ ಕೋಳಿಯೊಂದು ನಡೆದುಹೋದದ್ದು ಕಾಣಿಸಿತು.

"ಅಕ್ಕಾರು ಸುರುವಿದ ನೀರು, ಹರದು ಹೋಗಾಕಂತ ಬಿಟ್ಟ ತಳದಾನ ತೂತಿನಾಗಿಂದ ಅವತ್ತೇ ಹರದು ಹೋಗೇತ್ರಿ ಸಾಹೇಬ್ರ. ನಿಮ್ಮ ಪೇಪರ್ ತೂತು ಮುಚ್ಚಿ, ನೀರು ಹಿಡಕೊಂಡು ಕುಂತೈತಿ" ಎಂದ ಮೌಲಾಸಾಬ.

ಶಾಂತಾ ಗೆದ್ದವಳಂತೆ ನೋಡಲಿಲ್ಲ. "ಬನಹಟ್ಟ್ಯಾಗ ಎಲ್ಲಾರ ಮುಂದ ಹೇಳಿದ್ರಿ. ಇದನ್ನೂ ಅಲ್ಲೇ ಹೇಳ್ರಿ" ಎಂದಳು. ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವುದು ನಮ್ಮ ರೂಢಿ. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಕೇಳಿನೋಡಿದೆ. ಸಾಲಲಿಲ್ಲ.

ಹೊಸ ತಗಡು ಬೆಸೆದು, ಬಣ್ಣ ಒಣಗಿದ ಮೇಲೆ ಬನಹಟ್ಟಿಗೆ ಹೊರಟೆವು. ಆಕೆ ಹಿಂದಿನ ಸೀಟಿನಲ್ಲಿ ಕೂತಳು, ತೀರ್ಪು ಇನ್ನೂ ಬರಬೇಕಿದೆ ಎಂಬಂತೆ. ಪಡಸಾಲೆಯಲ್ಲಿ ಎಲ್ಲರೂ ಸೇರಿದಾಗ ಗಂಟಲು ಸರಿಮಾಡಿಕೊಂಡು ತಪ್ಪು ನನ್ನದೆಂದು ಹೇಳಿದೆ. ಅಡುಗೆಮನೆಯಿಂದ ಶಾಂತಾಳ ದನಿ ಬಂತು: "ಇಲ್ಲಿಗೆ ಕೇಳಸಲಿಲ್ರೀ, ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ, ಈ ಸಲ ಕೈಕಾಲು ಆಡಿಸಿ. ಎಲ್ಲರೂ ನಕ್ಕರು, ಅಡುಗೆಮನೆಯಲ್ಲೂ ನಗು ಕೇಳಿಸಿತು. ವಾಪಸು ಬರುವಾಗ ಶಾಂತಾ ಮುಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ ಕೂತಳು. ಕೂರುವ ಮೊದಲು ನನ್ನ ಕಡೆಯ ಮ್ಯಾಟ್ ಎತ್ತಿ ನೋಡಿದಳು ಅಷ್ಟೆ.